ತಿಬ್ಬಿಯ ಒಲೆಗಲ್ಲು

ಹೂಂಗುಟ್ಟೋರು ಹತ್ತಿರ ಬನ್ನಿ. ನಿದ್ದೆ ಬರೋರು ಗೋಡೆಗೆ ಒರಗಿ. ಒಂದು ನಾಡಿತ್ತು. ಯಾವ ನಾಡು ಅಂತ ಕೇಳಬೇಡಿ. ಹೆಸರು ಹೇಳಿದರೆ ಯಾರಾದರೂ ಒಬ್ಬರು ನಮ್ಮದೇ ಅಂತ ಜಗಳಕ್ಕೆ ಬರ್ತಾರೆ.

ಆ ನಾಡಲ್ಲಿ ಒಂದು ಊರು. ಊರಿಗೊಬ್ಬ ದೊರೆ. ಏಳು ಊರಿನ ದೊರೆ ಅಲ್ಲ, ಒಂದೇ ಊರಿನ ದೊರೆ. ಮೀಸೆ ಮಾತ್ರ ಏಳು ಊರಿನದು. ಊರಾಚೆ ಒಂದು ಕೇರಿ. ಆ ಕೇರೀಲಿ ಮಸಣ ಅಂತ ಒಬ್ಬ. ಅವನ ಹೆಂಡತಿ ತಿಬ್ಬಿ.

ತಿಬ್ಬಿ ಸತ್ತುಹೋದಳು.

ಹೆಂಗೆ ಸತ್ತಳು? ಜ್ವರ ಬಂತು, ಸತ್ತಳು. ಅದರಲ್ಲಿ ಕತೆ ಇಲ್ಲ. ಕತೆ ಇರೋದು ಅವಳ ಎಡೆಯಲ್ಲಿ.

ಕೇಳಿ. ಆ ಕೇರೀಲಿ ಒಂದು ಪದ್ಧತಿ. ಸತ್ತೋರಿಗೆ ಎಡೆ ಇಡೋ ದಿನ, ಅವರು ಬದುಕಿದ್ದಾಗ ಏನು ಆಸೆಪಟ್ಟು ತಿಂತಿದ್ದರೋ ಅದನ್ನೇ ಬೇಯಿಸಬೇಕು. ಅವರು ಅಡುಗೆ ಮಾಡಿದ ಒಲೆ ಮೇಲೇ ಬೇಯಿಸಬೇಕು. ಬೇರೆ ಒಲೆದು ಅವರಿಗೆ ಮುಟ್ಟೋದಿಲ್ಲ. ಹೊತ್ತು ಮುಳುಗೋದರೊಳಗೆ ಇಡಬೇಕು. ಇಲ್ಲದಿದ್ದರೆ ಹಸಿದುಕೊಂಡೇ ಹೋಗ್ತಾರೆ. ಅಷ್ಟು ದೂರ ಹಸಿದುಕೊಂಡು ಹೋಗೋದು ಅಂದರೆ ಹುಡುಗಾಟವಾ?

ತಿಬ್ಬಿಗೆ ಏನು ಆಸೆ? ದನದ ಬಾಡು. ಅದಕ್ಕೆ ಗೆಡ್ಡೆ ಬಿದ್ದಿರಬೇಕು. ಸುವರ್ಣಗೆಡ್ಡೆ, ಮೂಲಂಗಿ, ಗೆಣಸು. ಗೆಣಸು ಕರಗಿ ಎಸರು ಗಟ್ಟಿಯಾಗಿರಬೇಕು. ಮುದ್ದೆ ಅದ್ದಿದರೆ ಮುದ್ದೆಗೆ ಅಂಟಿಕೊಂಡು ಬರಬೇಕು.

ಆದರೆ ದೊರೆ ಡಂಗೂರ ಹೊಡೆಸಿದ್ದ. ಈ ಊರಿನ ಎಲ್ಲೆಯೊಳಗೆ ದನದ ಬಾಡಿನ ಮಡಕೆ ಒಲೆ ಏರಕೂಡದು. ಆ ಡಂಗೂರದ ತಮಟೆ ಚರ್ಮ ಯಾವುದರದು? ಕೇಳಬೇಡಿ. ದೊರೆನೂ ಕೇಳಿರಲಿಲ್ಲ.

ಎಡೆಯ ದಿನ ಬಂತು. ಪಕ್ಕದ ಗುಡಿಸಲ ಸಣ್ಣಜ್ಜಿ ಬಂದಳು.

"ಮಸಣ, ಪಾಯಸ ಮಾಡಿ ಇಟ್ಟುಬಿಡಪ್ಪ. ಯಾರು ನೋಡ್ತಾರೆ?"

"ತಿಬ್ಬಿ ನೋಡ್ತಾಳೆ."

"ಒಂದು ಕೋಳಿ ಕುಯ್ಯಿ."

"ಕೋಳಿ ಅವಳಿಗೆ ಸೇರದು."

"ಹೋಗ್ಲಿ, ಬರೀ ಗೆಡ್ಡೆ ಬೇಯ್ಸಿಡು. ಅರ್ಧ ಆಸೆನಾದ್ರೂ ತೀರ್ತದೆ."

"ಅರ್ಧ ಹೆಂಡ್ತಿ ಸತ್ತಿದ್ರೆ ಅರ್ಧ ಆಸೆ ಸಾಕಿತ್ತು, ಅಜ್ಜಿ."

ಅಜ್ಜಿ ಸೆರಗು ಸಿಕ್ಕಿಸಿ ಬೆಳ್ಳುಳ್ಳಿ ಸುಲಿಯೋಕೆ ಕೂತಳು.

ಗುಡಿಸಲ ಮುಂದೆ, ಸೂರಿನ ಕೆಳಗೆ, ಮೂರು ಕಲ್ಲಿನ ಒಲೆ. ತಿಬ್ಬಿ ಮದುವೆಯಾಗಿ ಬಂದ ವಾರವೇ ಹೊಳೆಯಿಂದ ತಾನೇ ಹೊತ್ತು ತಂದು ಹೂಡಿದ್ದು. ಮಸಣ ಬೆಂಕಿ ಮಾಡಿದ. ಮೊದಲು ಮುದ್ದೆ ಕಟ್ಟಿ ಒಳಗಿಟ್ಟ. ಮಡಕೆ ಇಟ್ಟ. ಎಣ್ಣೆ ಬಿಟ್ಟ. ಬೆಳ್ಳುಳ್ಳಿ, ಶುಂಠಿ ಜಜ್ಜಿ ಹಾಕಿದ. ಎಲ್ಲೆ ದಾಟಿ ತಂದಿದ್ದ ಬಾಡು ಹಾಕಿದ. ಅರಿಶಿನ ಹಾಕಿದ. ಬಾಡು ತನ್ನ ನೀರು ತಾನೇ ಬಿಡೋವರೆಗೂ ತಿರುವಿದ. ಆಮೇಲೆ ಖಾರ, ಕೊತ್ತಂಬರಿ, ಉಪ್ಪು, ನೀರು. ಗೆಡ್ಡೆ ಈಗಲೇ ಹಾಕಬಾರದು. ಬಾಡು ಮೂಳೆ ಬಿಡೋ ಹೊತ್ತಿಗೆ ಹಾಕಬೇಕು. ಅದು ಮುದಿ ಎತ್ತಿನ ಬಾಡು. ಬದುಕೆಲ್ಲ ಉತ್ತಿದ್ದು. ಬೇಯೋಕೆ ಅವಸರ ಮಾಡೋದಿಲ್ಲ. ಮಸಣನೂ ಮಾಡಲಿಲ್ಲ.

ಗಾಳಿ ಊರ ಕಡೆ ಬೀಸಿತು. ದೊರೆ ಮೂಗು ಮೇಲೆದ್ದಿತು.

"ಲೋ ಜವರ. ಹೋಗಿ ನಿಲ್ಸಿ ಬಾ. ನಿಲ್ಸಿದ್ದಕ್ಕೆ ಗುರುತು ತಗೊಂಡು ಬಾ."

ಜವರ ಅಂದರೆ ದೊರೆ ಮನೆ ಕಾವಲಿನವನು. ಕೈಯಲ್ಲಿ ಆಳೆತ್ತರದ ದೊಣ್ಣೆ. ಬಂದ.

"ಮಸಣ, ಇಳಿಸೋ ಮಡಕೆನ."

"ಬೆಂದಿಲ್ಲ."

"ಇಳಿಸು ಅಂದ್ರೆ."

"ಬೆಂದಿಲ್ಲ ಅಂದ್ನಲ್ಲ. ಅವಸರ ಇದ್ರೆ ನೀನೇ ಇಳಿಸು."

ಇಳಿಸ್ತಾನಾ? ಹೆಂಗೆ ಇಳಿಸ್ತಾನೆ? ಕೇರಿಯವರ ಮಡಕೆ. ಒಳಗೆ ದನದ ಬಾಡು. ಮುಟ್ಟಿದರೆ ಜಾತಿ ಹೋಯ್ತು. ಕಲ್ಲಾದರೆ ಮುಟ್ಟಬಹುದು. ಕಲ್ಲಿಗೆ ಮೈಲಿಗೆ ಇಲ್ಲ ಅನ್ನೋದು ಅವರ ಲೆಕ್ಕ. ಒಂದು ಕಲ್ಲು ಎಳೆದರೆ ಮಡಕೆ ತಾನೇ ಮಗುಚಿಕೊಳ್ತದೆ ಅಂದುಕೊಂಡ ಜವರ. ಒದ್ದೆ ಗೋಣಿಚೀಲ ಸುತ್ತಿದ, ಒಂದು ಕಲ್ಲು ಎಳೆದ, ಹೊತ್ತುಕೊಂಡು ಹೋದ.

ಮಡಕೆ ವಾಲಿತು. ಮಸಣ ಬಟ್ಟೆಯಲ್ಲಿ ಹಿಡಿದು ಗೋಡೆಗೆ ಆನಿಸಿದ. ಎರಡು ಕಲ್ಲು, ಒಂದು ಗೋಡೆ. ಬೇಯ್ತಾ ಇತ್ತು.

ಮತ್ತೆ ವಾಸನೆ ಹೋಯ್ತು. ಮತ್ತೆ ಜವರ ಬಂದ.

"ಇನ್ನೂ ಇಳಿಸಿಲ್ವೇನೋ?"

"ಇನ್ನೂ ಬೆಂದಿಲ್ವಲ್ಲೋ."

ಎರಡನೇ ಕಲ್ಲೂ ಹೋಯ್ತು. ಈಗ ಏನು ಉಳೀತು? ಒಂದು ಕಲ್ಲು, ಒಂದು ಗೋಡೆ, ಮಸಣನ ಒಂದು ಕೈ. ಕೈ ಬೊಬ್ಬೆ ಎದ್ದಿತು. ಬೇಯ್ತಾ ಇತ್ತು.

ಮೂರನೇ ಸಲ ಜವರ ಬಂದ. ಬೆವರಿದ್ದ. ಬೈದುಕೊಂಡೇ ಬಂದ.

"ನಿನ್ನ ಹೆಂಡ್ತಿ ಬದುಕಿದ್ದಾಗ ಬಾಯಿ, ಸತ್ತ ಮೇಲೆ ವಾಸನೆ. ನಮಗೆ ಬಿಡುವೇ ಇಲ್ಲ."

"ಸುಸ್ತಾಗಿದ್ರೆ ಕೂತ್ಕೊ, ಜವರ. ಮೂಳೆ ಇನ್ನೂ ಬಿಟ್ಟಿಲ್ಲ."

ಜವರ ಕೂರಲಿಲ್ಲ. ಮೂರನೇ ಕಲ್ಲು ಎಳೆದ, ಹೋದ. ಮಡಕೆ ಬೂದಿ ಮೇಲೆ ಕೂತಿತು. ಕುದಿ ನಿಂತಿತು.

ಸಣ್ಣಜ್ಜಿ ಅಂದಳು, "ನನ್ನ ಒಲೆ ಕಲ್ಲು ತರ್ತೀನಿ ಕಣಪ್ಪ."

"ಅದು ನಿನ್ನ ಒಲೆ, ಅಜ್ಜಿ. ಅವಳಿಗೆ ಮುಟ್ಟದು."

"ಹೊತ್ತು ವಾಲ್ತಾ ಅದೆ. ಏನು ಮಾಡ್ತೀಯ?"

ಮಸಣ ಯೋಚನೆ ಮಾಡಿದ. ನಿಧಾನದ ಮನುಷ್ಯ. ನಿಧಾನವಾಗೇ ಮಾಡಿದ.

"ಕಲ್ಲು ಎಲ್ಲಿಗೆ ಹೋದ್ವು?"

"ದೊರೆ ಅಂಗಳಕ್ಕೆ. ಗುರುತು ತೋರಿಸೋಕೆ."

"ಮೂರೂ?"

"ಮೂರೂ."

"ಹಂಗಾದ್ರೆ ತಿಬ್ಬಿ ಒಲೆ ಈಗ ಅಲ್ಲಿ ಅದೆ."

ಟವಲ್ಲು ಸಿಂಬಿ ಸುತ್ತಿದ. ಮಡಕೆ ತಲೆ ಮೇಲೆ ಏರಿಸಿದ.

"ಅಜ್ಜಿ, ಕೆಂಡ ತಗೊ. ಗೆಡ್ಡೆ ತಗೊ. ಸೌಟು ತಗೊ. ಬಾ."

ಹೊರಟರು. ಯಾವ ದಾರೀಲಿ? ಊರ ನಡುಬೀದೀಲಿ. ಮಸಣ ಆ ಬೀದೀಲಿ ತಲೆ ಎತ್ತಿ ನಡೆದೋನಲ್ಲ. ಎದುರಿಗೆ ಯಾರೇ ಬಂದರೂ ಚರಂಡಿಗೆ ಇಳಿದು ನಿಲ್ಲಬೇಕಿತ್ತು. ಇವತ್ತು ತಲೆ ಮೇಲೆ ಮಡಕೆ. ತಲೆ ತಗ್ಗಿಸೋ ಹಂಗಿಲ್ಲ. ಹೆಜ್ಜೆ ಹೆಜ್ಜೆಗೂ ಎಸರು ತುಳುಕ್ತಾ ಅದೆ. ಶೆಟ್ಟಿ ಎದುರಾದ, ಚರಂಡಿಗೆ ಇಳಿದ. ಶಾನುಭೋಗ ಎದುರಾದ, ಚರಂಡಿಗೆ ಇಳಿದ. ಪೂಜಾರಿ ಎದುರಾದ. ಚರಂಡೀಲಿ ಜಾಗ ಇರಲಿಲ್ಲ. ಗೋಡೆ ಹತ್ತಿದ.

ದೊರೆ ಅಂಗಳ. ಮೂರು ಕಲ್ಲೂ ಬಿಸಾಡಿದ ಕಡೆ ಬಿದ್ದಿದ್ದವು. ಮಸಣ ಮಡಕೆ ಇಳಿಸಿದ. ಕಲ್ಲು ಹೂಡಿದ. ಅಜ್ಜಿ ಕೆಂಡ ಸುರಿದಳು. ದೊರೆ ಮನೆ ಸೌದೆ ರಾಶಿಯಿಂದ ನಾಲ್ಕು ಸೌದೆ ಎಳೆದಳು. ಹೊಗೆ ಎದ್ದಿತು. ಕುದಿ ಬಂತು.

ದೊರೆ ಹೊರಗೆ ಬಂದ.

"ಯಾರ್ಲಾ ಅದು?"

"ನಾನು ಬುದ್ಧಿ, ಮಸಣ."

"ಏನ್ಲಾ ಮಾಡ್ತಿದ್ದೀಯ?"

"ಅಡುಗೆ, ಬುದ್ಧಿ."

"ನನ್ನ ಅಂಗಳದಲ್ಲಾ?"

"ಒಲೆ ಇಲ್ಲಿಗೆ ತರಿಸ್ಕೊಂಡ್ರಲ್ಲ, ಬುದ್ಧಿ. ನಾನಿನ್ನೆಲ್ಲಿ ಮಾಡ್ಲಿ?"

ದೊರೆ ಶಲ್ಯ ಮೂಗಿಗೆ ಒತ್ತಿಕೊಂಡ.

"ಜವರ, ಇಳಿಸ್ಲಾ ಆ ಮಡಕೆನ."

ಜವರ ಮಡಕೆ ನೋಡಿದ. ದೊರೆ ಮುಖ ನೋಡಿದ.

"ಅದನ್ನ ಮುಟ್ಟಿದ್ರೆ ನಾನು ನಿಮ್ಮ ಹೊಸ್ತಿಲು ದಾಟಂಗಿಲ್ಲ, ದೊರೆ. ಆಮೇಲೆ ನಿಮ್ಮ ಕಾಲು ಯಾರು ಒತ್ತುತಾರೆ?"

"ಬೆಂಕಿಗೆ ನೀರು ಹುಯ್ಯಿ."

"ಎಸರು ಸಿಡಿದ್ರೆ?"

"ಅವನನ್ನಾದ್ರೂ ಹೊಡಿ."

ಜವರ ದೊಣ್ಣೆ ಎತ್ತಿದ. ಮಸಣ ಸೌಟು ಎತ್ತಿದ. ಸೌಟಿನಿಂದ ಎಸರು ತೊಟ್ಟಿಕ್ಕಿತು. ಜವರ ಹಿಂದಕ್ಕೆ ಸರಿದ.

"ಅವನ ಕೈಲಿ ಸೌಟದೆ, ದೊರೆ."

ಕೊನೆಗೆ ದೊರೆ ತಾನೇ ಅಂದ, "ಮಸಣ, ನೀನೇ ಇಳಿಸು."

"ಇಳಿಸ್ತೀನಿ, ಬುದ್ಧಿ. ಬೆಂದ ಮೇಲೆ."

ಮಸಣ ಚಕ್ಕಂಬಟ್ಟಲು ಹಾಕಿ ಕೂತ. ಸುವರ್ಣಗೆಡ್ಡೆ ಸಿಪ್ಪೆ ತೆಗೆದ. ದಪ್ಪ ದಪ್ಪ ಹೆಚ್ಚಿದ. ಹುಣಸೆರಸದ ಜೊತೆ ಮಡಕೆಗೆ ಬಿಟ್ಟ. ವಾಸನೆ ಪಡಸಾಲೆಗೆ ಹೋಯ್ತು.

"ಆಯ್ತೇನ್ಲಾ?"

"ಮೂಲಂಗಿ ಹಾಕ್ಬೇಕು, ಬುದ್ಧಿ."

ಮೂಲಂಗಿ ಬಿತ್ತು. ವಾಸನೆ ದೊರೆ ಮಲಗೋ ಕೋಣೆಗೆ ಹೋಯ್ತು.

"ಈಗ?"

"ಗೆಣಸು ಕರಗ್ಬೇಕು."

ಗೆಣಸು ಬಿತ್ತು. ವಾಸನೆ ದೇವರ ಕೋಣೆಗೂ ಹೋಯ್ತು. ದೇವರು ಏನೂ ಅನ್ನಲಿಲ್ಲ. ಎಸರು ಉಕ್ಕಿ ಮೂರು ಕಲ್ಲಿನ ಮೇಲೂ ಹರೀತು. ಹೊತ್ತು ತೆಂಗಿನ ಮರದ ತಲೆಗೆ ಇಳಿದಿತ್ತು. ಅಜ್ಜಿ ಹೊತ್ತು ನೋಡಿದಳು, ಮಸಣನ ಮುಖ ನೋಡಿದಳು. ಅವನು ತಿರುವುತಾನೇ ಇದ್ದ.

ಬೆಂತು. ಇಳಿಸಿದ.

"ಆಯ್ತಲ್ಲ. ಹೊರಡು" ಅಂದ ದೊರೆ.

"ಹೊರಡ್ತೀನಿ, ಬುದ್ಧಿ. ಒಲೆ ಇಲ್ಲೇ ಇರ್ಲಿ. ಬರೋ ವರ್ಷದ ಎಡೆಗೂ ಇಲ್ಲಿಗೇ ಬರ್ತೀನಿ."

ದೊರೆ ಜವರನ ಕಡೆ ತಿರುಗಿದ. ಜವರ ತಲೆ ಅಲ್ಲಾಡಿಸಿದ. ಕಲ್ಲಿಗೆ ಎಸರು ಹತ್ತಿತ್ತಲ್ಲ. ಈಗ ಕಲ್ಲನ್ನೂ ಮುಟ್ಟೋ ಹಂಗಿಲ್ಲ. ಮೂರು ಕರಿ ಕಲ್ಲು, ದೊರೆ ಬಾಗಿಲಿಗೆ ನೇರವಾಗಿ. ಯಾರು ತೆಗೀತಾರೆ?

ದೊರೆ ಮೂಗಿನಿಂದ ಶಲ್ಯ ತೆಗೆದ.

"ಮಾರಾಯ, ನಿನ್ನ ಒಲೆ ನಿನ್ನ ಮನೆಗೇ ಹೊತ್ಕೊಂಡು ಹೋಗು. ಅಲ್ಲೇ ಏನು ಬೇಕಾದ್ರೂ ಬೇಯ್ಸ್ಕೊ."

"ಬೆಳಿಗ್ಗೆಯಿಂದ ನಾನು ಅದನ್ನೇ ಮಾಡ್ತಾ ಇದ್ದೆ, ಬುದ್ಧಿ."

ಬೀದಿ ತುದೀಲಿ ಕೇರಿಯವರು ಬಂದು ನಿಂತಿದ್ದರು. ಮೂರು ಜನ ಒಳಗೆ ಬಂದರು. ಒದ್ದೆ ಟವಲ್ಲು ಸುತ್ತಿ ಒಬ್ಬೊಬ್ಬರು ಒಂದೊಂದು ಕಲ್ಲು ಎತ್ತಿಕೊಂಡರು. ಮಸಣ ಮಡಕೆ ಎತ್ತಿಕೊಂಡ. ಎಲ್ಲರೂ ನಡುಬೀದೀಲೇ ನಡೆದರು. ತುಳುಕದ ಹಾಗೆ, ನಿಧಾನವಾಗಿ.

ಗುಡಿಸಲ ಮುಂದೆ ಕಲ್ಲು ಹೂಡಿದರು. ಒಳಗೆ ಬಾಳೆಲೆ ಹಾಸಿದರು. ಮಸಣ ಮುದ್ದೆ ಇಟ್ಟ. ಬಾಡು ಇಟ್ಟ. ಗೆಡ್ಡೆ ಇಟ್ಟ. ಹೊತ್ತು ಇನ್ನೂ ಒಂದು ಬೆರಳು ಇತ್ತು. ಸತ್ತೋರು ಉಣ್ಣೋವಾಗ ಯಾರೂ ನೋಡಬಾರದು. ಬಾಗಿಲು ಮುಚ್ಚಿ ಹೊರಗೆ ಕೂತರು.

ಸಣ್ಣಜ್ಜಿ ಪಿಸುಗುಟ್ಟಿದಳು, "ಉಪ್ಪು ನೋಡಿದ್ಯಾ?"

"ಎಡೆಗಿಂತ ಮುಂಚೆ ಬಾಯಿಗೆ ಇಡಬಾರದಲ್ಲ."

"ಜಾಸ್ತಿ ಆಗಿದ್ರೆ?"

"ಬೈತಾಳೆ."

ಮಸಣ ಸುಟ್ಟ ಕೈ ನೋಡಿಕೊಂಡ. ಬಾಗಿಲು ನೋಡಿದ.

"ಬೈಯ್ಲಿ" ಅಂದ.

ಇಷ್ಟೇ ಕತೆ. ಅವರು ಅವರ ಕೇರೀಲಿ ಉಂಡರು, ನಾವು ನಮ್ಮ ಕೇರೀಲಿ ಕೂತಿದ್ದೀವಿ. ಏಳಿ. ನಿಮ್ಮ ನಿಮ್ಮ ಮನೇಲಿ ಏನು ಬೆಂದದೆಯೋ ಹೋಗಿ ಉಣ್ಣಿ. ಏನು ಉಂಡಿರಿ ಅಂತ ಯಾರಾದರೂ ಕೇಳಿದರೆ, ಹೆಸರು ಹಿಡಿದು ಹೇಳಿ.