ಹಳೇದು ಮಾಡಿದ ಫೋಟೋ

ಲೈಟ್ ಆರಿಸಬೇಡಿ ಅನ್ನುವವರು ಈಗಲೇ ಒಳಗೆ ಹೋಗಿ ಮಲಗಿ. ಆಮೇಲೆ ನನ್ನ ಸೆರಗು ಹಿಡಿದು ಎಳೆಯಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗಳು ಸೌಭಾಗ್ಯಳಿಗೆ ಆಗಿದ್ದು. ಅರ್ಧಕ್ಕೆ ನಾನೇ ಸಾಕ್ಷಿ.

ಅವಳು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಅವತ್ತು ಮಹಾಲಯ ಅಮಾವಾಸ್ಯೆ. ಹಬ್ಬ ಅಂತ ಯಾರು ರಜಾ ಕೊಡುತ್ತಾರೆ? ಓವರ್‌ಟೈಮ್ ಮುಗಿಸಿ, ಗುಮ್ಮಘಟ್ಟದ ಆಟೋ ಹಿಡಿದು, ಕ್ರಾಸಿನಲ್ಲಿ ಇಳಿದು ಒಬ್ಬಳೇ ನಡೆದಳು. ದಾರಿಯಲ್ಲಿ ಒಂದು ಹಾಳುಬಾವಿ. ನೀರಿಲ್ಲ, ಹಗ್ಗವಿಲ್ಲ, ಗಡಗಡೆ ಒಂದು ಉಳಿದಿತ್ತು. ಗಾಳಿ ಸುತರಾಂ ಇಲ್ಲ. ಆದರೂ ಗಡಗಡೆ ತಿರುಗಿತು. ಕಿರ್ರ್... ಕಿರ್ರ್... ನಿಂತಿತು.

ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹಸಿರು ಸೀರೆ, ಕೆಂಪು ಅಂಚು. ಹೊಸ ಸೀರೆಯ ಮಡಿಕೆ ಗೆರೆಗಳು ಕೂಡ ಹೋಗಿಲ್ಲ. ಸೌಭಾಗ್ಯ ಅಲ್ಲೇ ನಿಂತಳು. ಬೆಳಿಗ್ಗೆ ತಾನೇ, ಸತ್ತ ಸವತಿಯ ಫೋಟೋ ಮುಂದೆ, ಎಡೆಯ ಜೊತೆ ಇಟ್ಟು ಬಂದ ಸೀರೆ ಅದು...

ಸವತಿ ಯಾರು ಅಂತ ಹೇಳಿಬಿಡುತ್ತೇನೆ. ಸೌಭಾಗ್ಯಳ ಗಂಡ ಗೋವರ್ಧನ ಮಡಕಶಿರಾ ಕಡೆಯವನು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ, ತಿಂಗಳಿಗೊಮ್ಮೆ ರಾಯದುರ್ಗಕ್ಕೆ ಬಂದು ಹೋಗುವನು. ಮದುವೆಗೆ ಮುಂಚೆಯೇ ಹೇಳಿದ್ದ, ಮೊದಲ ಹೆಂಡತಿ ಗಂಗೋತ್ರಿ ಜ್ವರ ಬಂದು ಸತ್ತು ಎಷ್ಟೋ ವರ್ಷವಾಯಿತು ಅಂತ. ಫೋಟೋನೂ ತಂದು ತೋರಿಸಿದ. ಬಣ್ಣ ಹೋಗಿ ಹಳದಿಗಟ್ಟಿದ ಫೋಟೋ. ಕಿವಿಯಿಂದ ಹೆಗಲವರೆಗೆ ಉದ್ದಕ್ಕೆ ಒಂದು ಬಿಳಿ ಗೀರು. ಮೂಲೆಯಲ್ಲಿ, ಹಿಂದಿನ ರೀಲ್ ಕ್ಯಾಮೆರಾದಲ್ಲಿ ಬರುತ್ತಿತ್ತಲ್ಲ, ಹಾಗೆ ಕೇಸರಿ ಅಕ್ಷರದ ತಾರೀಕು. ಫೋಟೋ ಅಷ್ಟು ಹಳೇದು ಅಂದಮೇಲೆ ಸಾವೂ ಹಳೇದೇ ಅಂದುಕೊಂಡೆವು. ಅವನ ಊರಿಗೆ ಹೋಗಿ ಒಂದು ಮಾತು ವಿಚಾರಿಸಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎರಡನೆಯವಳಾಗಿ ಹೋದವಳು ಸತ್ತ ಸವತಿಯ ಹೆಸರಲ್ಲಿ ಕೊರಳಿಗೆ ಸವತಿ ತಾಳಿ ಕಟ್ಟಿಕೊಳ್ಳಬೇಕು, ಎಡೆ ಇಡಬೇಕು. ಸೌಭಾಗ್ಯ ಅದನ್ನೆಲ್ಲ ಮನಸ್ಸಿಟ್ಟು ಮಾಡಿದಳು. ಫೋಟೋಗೆ ದಿನಾ ಕುಂಕುಮ, ಪ್ರತಿ ಅಮಾವಾಸ್ಯೆಗೆ ಅನ್ನ. "ಅಕ್ಕಾ, ಉಣ್ಣು" ಅಂತ ಮಾತಾಡಿಸುತ್ತಿದ್ದಳು. ನನ್ನನ್ನೇ ಅವಳು ಅಷ್ಟು ಅಕ್ಕರೆಯಿಂದ ಅಕ್ಕಾ ಅಂದದ್ದಿಲ್ಲ.

ಈಗ ಬಾವಿಕಟ್ಟೆಗೆ ಬನ್ನಿ.

"ಯಾರ್ರೀ..." ಅಂದಳು ಸೌಭಾಗ್ಯ.

"ಸೀರೆ ಚೆನ್ನಾಗೈತೆ ತಂಗಿ." ಪಿಸುದನಿ... ಕಿವಿಯ ಹತ್ತಿರವೇ. "ಆದ್ರೆ ನಾನು ಸತ್ತಿಲ್ಲ ಕಣಮ್ಮ."

ಸೌಭಾಗ್ಯ ಒಂದು ಹೆಜ್ಜೆ ಹಿಂದೆ ಸರಿದಳು. ಪಿಸುದನಿಯೂ ಜೊತೆಗೇ ಬಂತು.

"ಯಾಕೆ ನಂಗೆ ಎಡೆ ಇಕ್ತೀಯ? ನೀನು ಇಲ್ಲಿ ಇಕ್ಕಿದಾಗಿಂದ ಅಲ್ಲಿ ನಂಗೆ ತುತ್ತು ಇಳೀತಿಲ್ಲ... ಪಟ ಬಿಚ್ಚಿ ಬೆನ್ನು ನೋಡು."

ಕಿರ್ರ್... ಅಂತು ಗಡಗಡೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ದೆವ್ವ ಅಂದರೆ ತಾನು ಸತ್ತದ್ದನ್ನು ಹೇಳಿಕೊಂಡು ಅಳುತ್ತದೆ. ಸತ್ತಿಲ್ಲ ಅನ್ನುವ ದೆವ್ವವನ್ನು ನೀವು ಯಾರಾದರೂ ಕೇಳಿದ್ದೀರಾ? ಓಡಿ ಮನೆಗೆ ಬಂದರೆ ಸೀರೆ ಇಟ್ಟಲ್ಲೇ ಇದೆ, ಮಡಿಕೆ ಬಿಚ್ಚಿಲ್ಲ. ದಾರ ಕತ್ತರಿಸುವ ಕತ್ತರಿಯಿಂದ ಪಟದ ಮೊಳೆ ಕಿತ್ತಳು. ಮುಂದೆ ಹಳದಿಗಟ್ಟಿದ ಫೋಟೋ. ಅದರ ಬೆನ್ನು ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ ಬೆಳ್ಳಗೆ. ಮೇಲೆ ರಾಯದುರ್ಗದ ಸ್ಟುಡಿಯೋ ಒಂದರ ಮುದ್ರೆ.

ಬೆಳಿಗ್ಗೆ ನನ್ನನ್ನು ಕರೆದುಕೊಂಡು ಸ್ಟುಡಿಯೋಗೆ ಹೋದಳು. ಅಲ್ಲಿ ಕಂಪ್ಯೂಟರ್ ಮುಂದೆ ಗೋಪಿ ಅನ್ನುವವನು ಕೂತಿದ್ದ.

"ಇದು ನೀ ಮಾಡಿದ್ದೇನಪಾ?" ಅಂದೆ.

"ಹೌದ್ರಿ. ರೀಲ್ ಫೋಟೋ ಥರ ಬೇಕಂದ್ರು. ಈಗ ಎಲ್ರೂ ಅದ ಕೇಳ್ತಾರ್ರಿ."

ಪಾಪ, ಹೆಮ್ಮೆಯಿಂದಲೇ ತೋರಿಸಿದ. ಮೌಸು ಟಿಕ್ ಟಿಕ್ ಅಂದ ಹಾಗೆ ಒಂದೊಂದೇ ಸಾಫ್ಟ್‌ವೇರಿನ ಕೆಲಸ ತೆರೆದುಕೊಂಡಿತು. ಬಣ್ಣ ಇಳಿಸಿದ್ದು, ಹಳದಿ ಏರಿಸಿದ್ದು, ಮೇಲೆ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಕಾಳು, ಮೂಲೆಯ ತಾರೀಕು. "ಈ ಗೀರೂ ನಾನ ಹಾಕಿದ್ದರಿ. ಹಳೇ ಫೋಟೋ ಅಂದಮ್ಯಾಗ ಒಂದು ಗೀರರ ಬೇಕಲ್ರಿ."

ಅವನು ಅದನ್ನೆಲ್ಲ ತೆಗೆದ. ಟಿಕ್... ಟಿಕ್... ಕೆಳಗಿನ ಅಸಲಿ ಫೋಟೋ ಬಂತು. ಗಾರ್ಮೆಂಟ್ಸ್ ಗೇಟಿನ ಮುಂದೆ ಗಂಗೋತ್ರಿ ನಗುತ್ತಾ ನಿಂತಿದ್ದಾಳೆ. ಎದೆಯ ಮೇಲೆ ಫ್ಯಾಕ್ಟರಿಯ ಗುರುತಿನ ಕಾರ್ಡು, ಕೈಯಲ್ಲಿ ಟಚ್ ಮೊಬೈಲು. ಕೊರಳು ನಿಚ್ಚಳ, ಒಂದು ಗೆರೆ ಇಲ್ಲ.

"ಯಾವಾಗಿಂದಿದು?"

"ತೆಗೆದ ತಾರೀಕು ಹೋದ ದೀಪಾವಳೀದ್ರಿ." ಆಗ ಅವನಿಗೂ ಅನುಮಾನ ಬಂತು. "ಸತ್ತೋರ ಪಟ ಮಾಡಾಕ ಅಂತ ಹೇಳಲಿಲ್ರಿ ಅವ್ರು..."

ಸೌಭಾಗ್ಯ ಅಳಲಿಲ್ಲ. ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದಳು. "ಗಂಗೋತ್ರಿ ಹೆಂಗದಾಳ?"

ಆ ಕಡೆ ಹೊಲಿಗೆ ಮಿಷಿನ್‌ಗಳ ಗರ್ರ್... ಗರ್ರ್... ಲೈನ್ ಕಟ್ಟಾಯಿತು.

ನಂಬಿ ಕೊರಳು ಕೊಟ್ಟವಳಿಗೆ ಮಾಡುವ ಕೆಲಸವೇ ಅದು? ಬದುಕಿರುವ ಹೆಂಡತಿಯನ್ನು ಫೋಟೋದಲ್ಲಿ ಸಾಯಿಸಿ, ಇನ್ನೊಬ್ಬಳ ಕೈಯಲ್ಲಿ ಕುಂಕುಮ ಇಡಿಸಿದ್ದ. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಅವತ್ತೇ ಮಡಕಶಿರಾಕ್ಕೆ ಬಸ್ ಹತ್ತಿದೆವು. ಕೇಳಿಕೊಂಡು ಕೇಳಿಕೊಂಡು ಗಂಗೋತ್ರಿಯ ತವರು ಹಿಡಿದೆವು. ಅವಳ ತಾಯಿ ಮೈಲಾರಮ್ಮ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಒಳಗೆ ಚಾಪೆಯ ಮೇಲೆ... ಅದೇ ಮುಖ. ಎಲುಬು ತೊಗಲು, ಅಷ್ಟೇ. ಆದರೆ ಉಸಿರಾಡುತ್ತಿದ್ದಳು.

"ಮದುವೆ ಸೀಜನ್ನಿಂದ ಹಿಂಗೇ ಕಣಮ್ಮ," ಅಂದಳು ಮೈಲಾರಮ್ಮ. "ತುತ್ತು ಗಂಟಲಾಗೇ ನಿಲ್ತದೆ. ಡಾಕ್ಟ್ರು ಏನೂ ಇಲ್ಲ ಅಂತಾರೆ. ಅಳಿಯ ರಾಯದುರ್ಗದಾಗೆ ಕೆಲಸ ಅಂತ ಹೋದೋನು ತಿರುಗಿ ನೋಡಿಲ್ಲ." ನಮಗೆ ಬೆಂಗಳೂರು ಅಂದಿದ್ದ, ಇವರಿಗೆ ರಾಯದುರ್ಗ ಅಂದಿದ್ದ.

"ನಿನ್ನೆ ರಾತ್ರಿ ಎಲ್ಲಿದ್ಲು?" ಅಂದೆ.

"ಎಲ್ಲಿಗೆ ಹೋಗ್ತಾಳೆ? ಎದ್ದು ಕೂರಾಕೂ ತ್ರಾಣ ಇಲ್ಲ. ರಾತ್ರಿಯೆಲ್ಲ ಕೈ ಹಿಡ್ಕಂಡು ಪಕ್ಕದಾಗೇ ಇದ್ದೆ."

ಸೌಭಾಗ್ಯ ಕೊರಳಿನ ಸವತಿ ತಾಳಿ ಬಿಚ್ಚಿ ಗಂಗೋತ್ರಿಯ ಅಂಗೈಯಲ್ಲಿ ಇಟ್ಟಳು. "ನಿನ್ನ ಹೆಸರ್ಲೆ ಕಟ್ಟಿಸಿದ್ದ. ನಂಗ ಗೊತ್ತಿರಲಿಲ್ಲ ಅಕ್ಕಾ."

ಗಂಗೋತ್ರಿ ಅದನ್ನು ನೋಡಿದಳು, ಇವಳನ್ನು ನೋಡಿದಳು. ಸೌಭಾಗ್ಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ನಾವು ಮೂವರೂ ಆ ಗಂಟಲನ್ನೇ ನೋಡುತ್ತಾ ಕೂತೆವು... ಗುಟುಕ್ ಅಂತು. ಇಳಿಯಿತು. ಮೈಲಾರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ನಾನು ಆಗಲೇ ಅದನ್ನು ಕಂಡದ್ದು. ಗಂಗೋತ್ರಿಯ ಕಿವಿಯಿಂದ ಹೆಗಲವರೆಗೆ, ಚರ್ಮದ ಮೇಲೆ, ಒಂದು ಬಿಳಿ ಗೆರೆ.

"ಇದು ಯಾವಾಗಾಯ್ತು?"

"ಶಿವರಾತ್ರಿ ಹೊತ್ತಿಗೆ," ಅಂದಳು ಮೈಲಾರಮ್ಮ. "ಗಾಯ ಇಲ್ಲ, ಏನಿಲ್ಲ. ಬೆಳಿಗ್ಗೆ ಏಳಾ ಹೊತ್ತಿಗೆ ಇತ್ತು."

ಗೋಪಿ ಆ ಫೋಟೋ ಹಳೇದು ಮಾಡಿಕೊಟ್ಟದ್ದೂ ಶಿವರಾತ್ರಿಯ ಹಿಂದುಮುಂದು. ಆಮೇಲೆ ನಾವು ಎದುರಿಗೆ ನಿಂತು ಆ ಫೈಲನ್ನೇ ಅಳಿಸಿಹಾಕಿಸಿದೆವು. ಗೆರೆ ಹೋಗಲಿಲ್ಲ.

ಇಬ್ಬರೂ ಗೋವರ್ಧನನನ್ನು ಬಿಟ್ಟರು. ಗಂಗೋತ್ರಿ ಚೇತರಿಸಿಕೊಂಡು ರಾಯದುರ್ಗಕ್ಕೇ ಬಂದಳು. ಈಗ ಸೌಭಾಗ್ಯಳ ಪಕ್ಕದ ಮಿಷಿನ್‌ನಲ್ಲಿ ಜೇಬು ಹೊಲಿಯುತ್ತಾಳೆ. ಸುಳ್ಳು ಅನ್ನುವವರು ಹೋಗಿ ನೋಡಿಕೊಂಡು ಬನ್ನಿ. ನಾನಂತೂ ಬೆರಳಿಟ್ಟು ಮುಟ್ಟಿದ್ದೇನೆ. ಬೇಸಿಗೆಯಲ್ಲಿ ಅವಳ ಕೊರಳೆಲ್ಲ ಬೆವರಿ ತೊಯ್ದಿರುತ್ತದೆ. ಆ ಗೆರೆಯೊಂದು ಮಾತ್ರ ಒಣಗಿರುತ್ತದೆ.