ಬ್ರೆಡ್ ಸಾಲಿನಲ್ಲಿ ಎದ್ದ ಕೈ

ಹವಾನಾದ ನಮ್ಮ ಬೀದಿಯ ಬ್ರೆಡ್ ಅಂಗಡಿಯ ಸಾಲಿನಲ್ಲಿ, ನನ್ನ ಹಿಂದೆ ಇಬ್ಬರು ಮುದುಕಿಯರು ಮಾತಾಡುತ್ತಿದ್ದರು.

“ಭುಜ ಹಿಡ್ಕೊಂಡಿದೆ ಕಣೇ ಮಿಗ್ದಾಲಿಯಾ. ಬಟ್ಟೆ ಒಣಹಾಕೋಕೂ ಕೈ ಮೇಲೆ ಹೋಗಲ್ಲ.”

“ಚುರುಟಿನ ಕಾರ್ಖಾನೇಲಿ ಊಟದ ಬಿಡುವಲ್ಲಿ ಬ್ಯಾಲೆ ಮಾಡ್ತಿದ್ವಲ್ಲ ಎನೆಯ್ದಾ, ಆಗೆಲ್ಲಿತ್ತೇ ಈ ನೋವು?”

“ಎಲೆ ಸುತ್ತೋ ಮೇಜು ಹಿಡ್ಕೊಂಡು ಬಗ್ಗಿ ಏಳ್ತಿದ್ವಿ. ಸಂಜೆ ಹೊತ್ಗೆ ಬೆನ್ನು ಹೂವಿನಷ್ಟು ಹಗುರ.”

“ನಾನಿನ್ನೂ ಅಡುಗೆಮನೆ ಕಟ್ಟೆ ಹಿಡ್ಕೊಂಡು ಮಾಡ್ತೀನಿ. ನೀನ್ಯಾಕೆ ಬಿಟ್ಟೆ?”

“ನಮ್ಮನೆಯವರು ಹೋದ್ಮೇಲೆ ನೋಡೋರು ಯಾರೇ? ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟೋರು, ಪುಣ್ಯಾತ್ಮ.”

ಅಷ್ಟರಲ್ಲಿ ಸಾಲಿಗೆ ಸೇರಲು ಯಾರೋ ಒಬ್ಬ ಬಂದು ಕೂಗಿದ: “ಸಾಲಲ್ಲಿ ಕೊನೆಯವರು ಯಾರ್ರೀ?”

ಎಲ್ಲರಿಗಿಂತ ಹಿಂದಿದ್ದ ಎನೆಯ್ದಾಳ ಕೈ ಎದ್ದಿತು. ಭುಜ ದಾಟಿ, ತಲೆಯ ಮೇಲೆ ಕಮಾನಾಗಿ ಬಾಗಿ ನಿಂತಿತು.

ಸಾಲು ಸರಿಯಿತು. ಅವಳು ಹಾಗೆಯೇ ಮುಂದೆ ನಡೆದಳು.

“ಕೈ ಇಳಿಸೇ, ಅವನು ನೋಡಿದ.”

“ಇರ್ಲಿ, ಇನ್ನೊಂಚೂರು ನೋಡ್ಲಿ.”