ಹಿರಿಯಣ್ಣ ಎಳೆಯದ ಶಟರು

— ಬೆಳಿಗ್ಗೆ ಗ್ಯಾಸ್ ಖಾಲಿ, ಬೇರೆ ಸಿಲಿಂಡರ್ ತರಿಸಿ ಹಚ್ಚಿದೆ, ಹತ್ತು ಗಂಟೆಗೆ ಕರೆಂಟ್ ಹೋಯಿತು, ಗ್ರೈಂಡರಿನಲ್ಲಿ ಹಿಟ್ಟು ಅರ್ಧಕ್ಕೇ ನಿಂತಿದೆ, ಈಗ ನೋಡಿದರೆ ನಿಮ್ಮ ಮೈಕು ಕೂಗುತ್ತದೆ. ಮಿಥುನ್, ಫೋನನ್ನು ಮೈಕಿನಿಂದ ಒಂದು ಗೇಣು ದೂರ ಹಿಡಿ ಮಾರಾಯ. ಹಾಂ. ಈಗ ಕೇಳುತ್ತದಾ? ಹಿಂದೆ ಕೂತವರಿಗೂ?

ಸಭೆಯಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ. ಹಿರಿಯಣ್ಣನ ಮನೆಯವರು ಪಂಕಜಾಕ್ಷಿ ಅಮ್ಮನಿಗೆ, ಮಗ ರವಿಶಂಕರಣ್ಣನಿಗೆ, ಮೊಮ್ಮಗಳು ನವ್ಯಶ್ರೀಗೆ — ನಾನು ಕುಂಭಾಶಿಯ ಸುಜನ್. ಕೆಜಿಎಫ್‌ನಲ್ಲಿ, ಆ ಚಿನ್ನದ ಗಣಿಯ ಊರಿನಲ್ಲಿ, ಹಿರಿಯಣ್ಣನ ಹೋಟೆಲಿನಲ್ಲಿ ಎಂಟು ವರ್ಷ ಅವರ ಪಕ್ಕ ನಿಂತು ದೋಸೆ ಹೊಯ್ದವನು. ಇವತ್ತು ಅವರ ಉತ್ತರಕ್ರಿಯೆ, ನಮ್ಮ ಊರ ಮಾತಿನಲ್ಲಿ ಬೊಜ್ಜ. ನಾನು ಕಿರಿಮಂಜೇಶ್ವರದಲ್ಲಿ ನಿಮ್ಮ ಮುಂದೆ ನಿಂತಿರಬೇಕಿತ್ತು. ನಿಂತಿಲ್ಲ. ಹೋಟೆಲಿನ ಕೌಂಟರಿನ ಹಿಂದೆ ನಿಂತು ಮಾತಾಡುತ್ತಿದ್ದೇನೆ.

ಬಾಗಿಲ ಹತ್ತಿರ ಯಾರೋ ಕೇಳಿದರಂತೆ, ಮಿಥುನ್ ಹೇಳಿದ — "ಹ್ವಾಯ್, ಆ ಸುಜನ ಎಲ್ಲಿ? ಅನ್ನ ಹಾಕ್ದವ್ರ್ ಬೊಜ್ಜಕ್ಕೂ ಬಪ್ಪುಕಾಯ್ಲಿಲ್ಯಾ ಅವ್ನಿಗೆ?" ಕೇಳಿದವರು ಸಭೆಯಲ್ಲೇ ಇದ್ದೀರಿ. ಕೇಳಿದ್ದು ತಪ್ಪಲ್ಲ. ಆದರೆ ನಾನು ಫೋನು ಮಾಡಿದ್ದು ಕ್ಷಮೆ ಕೇಳುವುದಕ್ಕಲ್ಲ. ಯಾಕೆ ಬರಲಿಲ್ಲ ಅಂತ ಹೇಳುವುದಕ್ಕೆ.

ನಾನು ನೋಡಿದ ಬೀದಿ ಬೇರೆ, ಹಿರಿಯಣ್ಣ ನೋಡಿದ ಬೀದಿ ಬೇರೆ. ಹದಿನಾರು ವರ್ಷಕ್ಕೆ ಊರು ಬಿಟ್ಟು ಇಲ್ಲಿಗೆ ಬಂದವರು. ಈರುಳ್ಳಿ ಕೊಚ್ಚುತ್ತಾ ಕೊಚ್ಚುತ್ತಾ ನನ್ನನ್ನು ಆ ಬೀದಿಯಲ್ಲಿ ಓಡಾಡಿಸುತ್ತಿದ್ದರು. ಎದುರಿಗೆ ಗಡಿಯಾರ ರಿಪೇರಿಯವನು, ಪಕ್ಕದಲ್ಲಿ ಫೋಟೋ ಸ್ಟುಡಿಯೋ, ಆಚೆ ಬಳೆ ಅಂಗಡಿ, ಮೂಲೆಯಲ್ಲಿ ಬ್ಯಾಂಡಿನವರ ಕೋಣೆ. ಗಣಿಯ ಸೈರನ್ ದಿನಕ್ಕೆ ಮೂರು ಸಲ — ಆರಕ್ಕೆ, ಎರಡಕ್ಕೆ, ಹತ್ತಕ್ಕೆ. ಎರಡರ ಸೈರನ್ ಆಯಿತೆಂದರೆ ನೆಲದಡಿಯಿಂದ ಮೇಲೆ ಬಂದವರು ನೇರ ನಮ್ಮ ಬೆಂಚಿಗೆ. ಭಾನುವಾರ ಸಂಜೆ ಕೇಳಲೇಬೇಡಿ. "ಸೈಕಲ್ ಹೊತ್ಕಂಡ್ ಹೋಯ್ಕಿತ್ತ್ ಮಗಾ," ಅನ್ನುತ್ತಿದ್ದರು, "ತಳ್ಳೂಕ್ ಜಾಗ ಇಪ್ದಿಲ್ಲೆ."

ಗಣಿ ಮುಚ್ಚಿತು. ಆದರೆ ಕೇಳಿ — ಗಣಿ ಮುಚ್ಚಿದ ದಿನ ಆ ಬೀದಿ ಸಾಯಲಿಲ್ಲ. ಅದು ಒಂದೊಂದೇ ಶಟರು ಎಳೆದು ಸತ್ತಿತು. ಗಡಿಯಾರದವನ ತಂದೆ ತೀರಿಕೊಂಡರು, ಹದಿಮೂರು ದಿನ ಬಾಗಿಲು ಹಾಕಿದ. ಹದಿನಾಲ್ಕನೇ ದಿನ ಬಂದು ನೋಡಿದರೆ ಅವನ ಬೀಗದ ಮೇಲೆ ಕಟ್ಟಡದ ಮಾಲೀಕರ ಇನ್ನೊಂದು ಬೀಗ. ಸ್ಟುಡಿಯೋದವರ ಹೆಂಡತಿ ಹೋದರು, ಅವರದೂ ಅದೇ ಕತೆ. ಬಳೆ ಅಂಗಡಿಯವರು ರಟ್ಟಿನಲ್ಲಿ 'ಸಾವಿನ ಪ್ರಯುಕ್ತ ರಜೆ' ಅಂತ ಬರೆದು ಕಟ್ಟಿ ಹೋದರು. ಅಕ್ಷರ ಅಳಿಸಿದೆ, ರಟ್ಟು ಈಗಲೂ ನೇತಾಡುತ್ತಿದೆ. ನಾನು ದಿನಾ ನೋಡುತ್ತೇನೆ. ಇಲ್ಲಿ ಯಾರ ಹತ್ತಿರವೂ ಕರಾರುಪತ್ರ ಇಲ್ಲ, ಎಲ್ಲ ಹಳೇ ಬಾಯಿಮಾತು. ಬಾಗಿಲು ತೆರೆದಿರುವಷ್ಟು ದಿನ ಅಂಗಡಿ ನಿಮ್ಮದು. ಅಷ್ಟೇ ಕಾನೂನು.

ಅದಕ್ಕೇ ಹಿರಿಯಣ್ಣ, ತಮ್ಮ ಒಡಹುಟ್ಟಿದ ಅಣ್ಣ ತೀರಿಕೊಂಡಾಗಲೂ ಹೋಟೆಲು ಮುಚ್ಚಲಿಲ್ಲ. ಆಗ ನಾನಿನ್ನೂ ಬಂದಿರಲಿಲ್ಲ. ಬೇರೆ ಜನ ಸಿಗಲಿಲ್ಲ, ಊರಿಗೆ ಹೋಗಲಿಲ್ಲ. ನೀವೇ ಬೈದಿರಿ. ನಾನೊಮ್ಮೆ ಕೇಳಿದೆ — ಬೇಜಾರಾಗಲಿಲ್ಲವಾ? "ಬೈಲಿ. ನಾನ್ ಮರ್ಕ್‌ದೇ ಇಲ್ಯಾ? ಈರುಳ್ಳಿ ಕೊಚ್ಚುವಾಗ ಮರ್ಕ್‌ದೆ. ಯಾರಿಗೂ ಗೊತ್ತಾಯ್ಲಿಲ್ಲೆ." ಅತ್ತದ್ದನ್ನು ಅಷ್ಟೇ ಹೇಳಿ, ಸೌಟು ತೋರಿಸಿ ಅಂದರು — "ನಾಳೆ ನಾನ್ ಸತ್ರೂ ಶಟರ್ ಎಳೂಕಾಗ. ಎಳ್ದ್ರೆ ಎದ್ದ್ ಬಂದ್ ಬೈತೆ, ಕಾಣ್."

ಹೋಟೆಲಿನಲ್ಲಿ ಉಳಿದದ್ದು ನಾವಿಬ್ಬರೇ — ಅವರು, ನಾನು. ಈಗ ನಾನೊಬ್ಬನೇ.

ಮೊನ್ನೆ ಕಟ್ಟಡದ ಮಾಲೀಕರ ಕಡೆಯವನು ಬಂದ. ಟೀ ಕುಡಿದ. ಬಹಳ ಪ್ರೀತಿಯಿಂದ ಕೇಳಿದ — "ಊರಿಗೆ ಹೋಗಲ್ವಾ ತಮ್ಮ? ಹೋಗಬೇಕಪ್ಪ, ಕೊನೇ ಕಾರ್ಯ ಅಲ್ವಾ?" ಕೈಯಲ್ಲಿ ಹೊಸ ಬೀಗ. ಅದರ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ನಾನಂದೆ, "ಇನ್ನೊಂದು ಟೀ ಕುಡೀರಿ, ಕೂತ್ಕೊಳ್ಳಿ. ನಾವು ತೆರೆದೇ ಇರ್ತೇವೆ."

ರವಿಶಂಕರಣ್ಣ — ಅಂಗಡಿ ಬಿಟ್ಟುಕೊಡುವ ಕಾಗದ ಅವರು ನಿಮಗೂ ಕಳಿಸಿದ್ದಾರೆ ಅಂತ ಗೊತ್ತು. ಕಾರ್ಯ ಮುಗಿದ ಮೇಲೆ ಸಹಿ ಹಾಕಿದರೆ ಸಾಕು ಅಂದಿದ್ದಾರಂತೆ. ಹತ್ತು ಜನರ ಎದುರು ಕೇಳುತ್ತೇನೆ, ಸಿಟ್ಟು ಬಂದರೆ ಬರಲಿ: ಹಾಕಬೇಡಿ. ನನ್ನ ಹೊಟ್ಟೆಪಾಡೂ ಇದರಲ್ಲಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟೇ ಅಲ್ಲ. ಅವತ್ತು ಆಸ್ಪತ್ರೆಯಿಂದ ನೀವು ಅವರ ದೇಹವನ್ನು ಊರಿಗೆ ಒಯ್ಯುವಾಗ ಆಂಬುಲೆನ್ಸು ಹೋಟೆಲಿನ ಮುಂದೆ ಹತ್ತು ನಿಮಿಷ ನಿಂತಿತಲ್ಲ — ನೀವು ಒಳಗೆ ತಲೆ ತಗ್ಗಿಸಿ ಕೂತಿದ್ದಿರಿ, ನೋಡಿರಲಿಕ್ಕಿಲ್ಲ. ಎರಡು ಗಂಟೆಯ ಹೊತ್ತು. ಬೆಂಚಿನಲ್ಲಿ ಏಳೆಂಟು ಮುದುಕರು, ಗಣಿಯಲ್ಲಿ ದುಡಿದು ಎದೆ ಕೆಟ್ಟವರು. ಸೈರನ್ ನಿಂತು ಇಷ್ಟು ವರ್ಷವಾದರೂ ಅವರು ಬರುವುದು ಎರಡಕ್ಕೇ. ನಾನು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಎಲ್ಲರೂ ಎದ್ದು ನಿಂತರು. ಟೀ ಲೋಟ ಕೆಳಗಿಡಲಿಲ್ಲ, ಕೈಯಲ್ಲೇ ಹಿಡಿದು ನಿಂತರು. ಗಾಡಿ ತಿರುವು ದಾಟುವವರೆಗೆ ಕೆಮ್ಮು ಕೂಡ ತಡೆದುಕೊಂಡರು. ಆಮೇಲೆ ಕೂತು, ಆರಿದ ಟೀ ಕುಡಿದು, ನಾಳೆ ಬರ್ತೇವೆ ಅಂದರು. ಬಾಗಿಲು ಹಾಕಿದ್ದರೆ ಅವರು ಎಲ್ಲಿ ನಿಲ್ಲುತ್ತಿದ್ದರು?

ಈಗ ನೀವೂ ದಯವಿಟ್ಟು ಎದ್ದು ನಿಲ್ಲಿ. ಕೈಯಲ್ಲಿ ಪಾನಕದ ಲೋಟ ಇದ್ದವರು ಕೆಳಗಿಡುವುದು ಬೇಡ, ಹಿಡಿದುಕೊಂಡೇ ನಿಲ್ಲಿ. ಒಂದು ನಿಮಿಷ ಮೌನ — ನಿಮ್ಮ ಕಡೆ. ನನ್ನ ಕಡೆ ಆಗುವುದಿಲ್ಲ, ಗಿರಾಕಿ ಇದ್ದಾರೆ. ಮಿಥುನ್, ಫೋನು ಇಡಬೇಡ, ಮೈಕಿನ ಹತ್ತಿರವೇ ಹಿಡಿ. ಕಾವಲಿ ಮೇಲೆ ನೀರು ಚಿಮುಕಿಸುವ ಸದ್ದು, ಲೋಟದ ಸದ್ದು ಕೇಳಲಿ. ಪಂಕಜಾಕ್ಷಿ ಅಮ್ಮ, ಅದು ಅವರ ಹೋಟೆಲಿನ ಸದ್ದು.

ರವಿಶಂಕರಣ್ಣ, ಉತ್ತರ ಈಗಲೇ ಬೇಡ, ಊಟ ಮುಗಿಸಿ. ಎರಡರ ಶಿಫ್ಟಿನವರು ಟೀ ಕುಡಿದು ಏಳಲಿ. ಎರಡೂವರೆಗೆ ಫೋನು ಮಾಡ್ತೆ, ನೀವೇ ಎತ್ತಿ.